ಐದನೆಯ ಜಂತೆ

ಆ ಸೋಮವಾರ ಬೆಳಿಗ್ಗೆ ಮಂಜು ಬೀದಿಗೆ ಇಳಿದು, ಎದುರುಮನೆಯ ಬಾಗಿಲು ಕಿಟಕಿಗಳನ್ನೆಲ್ಲ ನುಂಗಿ, ಹಾಲಿನವನ ಸೈಕಲ್ಲಿನ ಗಂಟೆಯೊಂದನ್ನು ಮಾತ್ರ ಉಳಿಸಿತ್ತು. ಒಂಬತ್ತರ ಹೊತ್ತಿಗೆ ಬಿಸಿಲು ಮೆಲ್ಲಗೆ ಬೆರಳು ತೂರಿಸಿತು. ಮಂಜು ಹರಿದಂತೆಲ್ಲ ಹಳೆಯ ಮನೆಯ ಮರಗಳು ಮೈಮುರಿಯತೊಡಗಿದವು. ಬಾಗಿಲಿನ ಚೌಕಟ್ಟು ಒಮ್ಮೆ ಟಕ್ಕೆಂದಿತು. ಮೆಟ್ಟಿಲು ಎರಡು ಸಲ ನರಳಿತು. ಮಹಡಿಯ ನೆಲ ಎಲ್ಲಕ್ಕಿಂತ ಕೊನೆಗೆ, ಮನೆಯ ಹಿರಿಯರು ಗಂಟಲು ಸರಿಮಾಡಿಕೊಂಡಂತೆ, ಉದ್ದಕ್ಕೆ ಒಂದು ದನಿ ತೆಗೆಯಿತು.

"ನಿಮ್ಮ ಮಹಡಿಗೆ ಎಚ್ಚರ ಆಯ್ತು ನೋಡಿ," ಎಂದಳು ಹೆಂಡತಿ, ಒಲೆಯ ಮುಂದಿನಿಂದಲೇ.

"ನೆಲ ಅಂದ್ಮೇಲೆ ಸದ್ದು ಮಾಡುತ್ತೆ. ಮಾಡ್ದೇ ಇದ್ರೆ ಅದು ನೆಲ ಅಲ್ಲ, ರಟ್ಟು," ಎಂದ ಬಡಗಿ, ಚಹಾದ ಲೋಟದಿಂದ ತಲೆ ಎತ್ತದೆ.

ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ವರ್ಷಗಳಿಂದ ಬೀದಿಯೆಲ್ಲ ಅವನನ್ನು ರಸಮಟ್ಟ ಎಂದೇ ಕರೆಯುತ್ತಿತ್ತು. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ತೇಲಾಡಿಕೊಂಡು, ನೆಲ ಸಮವಿದೆಯೋ ಇಲ್ಲವೋ ಎಂದು ತೋರಿಸುವ ಉಪಕರಣವುಂಟಲ್ಲ, ಅದೇ ರಸಮಟ್ಟ. ಇವನಿಗೆ ಆ ಗುಳ್ಳೆಯ ಹಂಗೇ ಬೇಕಿರಲಿಲ್ಲ, ಕಣ್ಣು ಸಾಕಿತ್ತು. ಸಾವಿನ ಮನೆಗೆ ಮಾತನಾಡಿಸಲು ಹೋದರೂ ಗೋಡೆಯ ಮೇಲಿನ ಪಟವನ್ನು ನೆಟ್ಟಗೆ ಮಾಡಿಯೇ ಬರುವವನು. ಯಾರ ಮನೆಯ ಮೇಜು ಎಷ್ಟು ಕೂದಲೆಳೆ ವಾಲಿದೆ, ಯಾರ ಬಾಗಿಲು ಯಾವ ಕಡೆ ಜೋಲಿದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಅಂಥ ಕಣ್ಣಿಗೆ ತನ್ನ ಮನೆಯ ಮಹಡಿಯೊಂದು ಮಾತ್ರ ಕಾಣುತ್ತಿರಲಿಲ್ಲ. ಮಹಡಿಯ ಸಾಮಾನು ಕೆಳಗಿಳಿಸುವ ಮೊದಲು ಅಲ್ಲಿದ್ದ ಮಂಚದ ಒಂದು ಕಾಲಿನ ಕೆಳಗೆ ಹೆಂಡತಿ ಮಡಿಸಿದ ರಟ್ಟು ಇಟ್ಟಿದ್ದಳು. ಬೀರುವಿನ ಬಾಗಿಲು ತಾನಾಗಿ ತೆರೆಯದಂತೆ ದಾರ ಕಟ್ಟಿದ್ದಳು. ಕೇಳಿದರೆ, "ಮಂಚ ಸೊಟ್ಟ" ಎನ್ನುತ್ತಿದ್ದ. ಬೀರುವೂ ಸೊಟ್ಟ ಎನ್ನುತ್ತಿದ್ದ. ಎರಡನ್ನೂ ಮಾಡಿದವನು ತಾನೇ ಎಂಬುದು ಆ ಹೊತ್ತಿಗೆ ನೆನಪಾಗುತ್ತಿರಲಿಲ್ಲ.

ಕೆಳಗಿನ ನಡುಮನೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಅವನ ಮಾವ ಕೂತಿದ್ದರು. ತೊಂಬತ್ತೆರಡು ವರ್ಷ. ಒಂದು ಕಾಲಕ್ಕೆ ಸುತ್ತಲಿನ ಬಡಗಿಗಳಿಗೆಲ್ಲ ಕೆಲಸ ಕಲಿಸಿದ ಕೈ ಅದು. ರಸಮಟ್ಟ ಮೊದಲು ಅವರ ಶಿಷ್ಯನಾಗಿ ಬಂದವನು, ಅಳಿಯನಾದದ್ದು ಆಮೇಲೆ. ಹಾಗಾಗಿ 'ಮಾವ' ಎಂಬ ಮಾತು ಅವನ ಬಾಯಿಗೆ ಹೊಂದಲೇ ಇಲ್ಲ, ಇಂದಿಗೂ 'ಮೇಸ್ತ್ರೀ' ಎಂದೇ ಕರೆಯುತ್ತಿದ್ದ. ಮೇಸ್ತ್ರಿಗಳ ಕುರ್ಚಿಗೆ ನಡುಮನೆಯಲ್ಲಿ ಒಂದೇ ಜಾಗ. ಗುಡಿಸುವಾಗ ಒಂದು ಗೇಣು ಸರಿಸಿದರೂ, "ಇದ್ದಲ್ಲಿಗೆ ಇಡಮ್ಮ" ಎಂದು ಮಗಳ ಕೈಲಿ ಇಡಿಸಿಕೊಳ್ಳುತ್ತಿದ್ದರು. ಕಿಟಕಿಯ ಗಾಳಿಗಿರಬೇಕೆಂದು ಎಲ್ಲರೂ ತಿಳಿದಿದ್ದರು.

ಅವರಿಗೆ ಇನ್ನೊಂದು ಹಟವಿತ್ತು. ತಲೆಯ ಮೇಲೆ, ಗೋಡೆಯಿಂದ ಗೋಡೆಗೆ ಅಡ್ಡ ಮಲಗಿ ಮಹಡಿಯ ಹಲಗೆಗಳನ್ನು ಹೊತ್ತಿದ್ದ ಏಳು ಜಂತೆಗಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವವರು ಅವರೇ. ಬ್ರಷ್ಷನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಎಂಬತ್ತಾರರವರೆಗೂ ಏಣಿ ಹತ್ತಿದರು. ಆಮೇಲೆ ಮೊಣಕಾಲು ಕೇಳಲಿಲ್ಲ. "ಇನ್ನು ಅವು ಹೇಗಿದಾವೋ ಹಾಗೇ ಇರ್ಲಿ" ಎಂದು ಡಬ್ಬಿಯ ಮುಚ್ಚಳ ಬಡಿದು ಮುಚ್ಚಿಬಿಟ್ಟರು.

ಸೊಸೆ ಒಳಗೆ ಬಂದಾಗ ಅವಳ ಕೂದಲ ಮೇಲೆ ಮಂಜಿನ ಹನಿ ಇನ್ನೂ ಕೂತಿತ್ತು. ಅವಳು ಮಕ್ಕಳಿಗೆ ನೃತ್ಯ ಕಲಿಸುವವಳು. ಗಂಡ, ಎಂದರೆ ರಸಮಟ್ಟನ ಮಗ, ರೈಲಿನ ಗಾರ್ಡು. ವಾರದಲ್ಲಿ ಎರಡು ದಿನ ಮನೆಯವನು, ಉಳಿದ ದಿನ ಹಳಿಯವನು.

"ಮಾವ, ಕ್ಲಾಸ್ ನಡೆಸೋ ಹಾಲ್ ಬಿಟ್ಟುಕೊಡ್ಬೇಕಂತೆ," ಎಂದಳು, ಚಪ್ಪಲಿ ಬಿಡುತ್ತಲೇ. "ಆ ಕಟ್ಟಡ ಕೆಡವ್ತಾರಂತೆ. ಈ ಭಾನುವಾರಕ್ಕೆ ಮುಗೀತು."

"ಬೇರೆ ಹಾಲ್ ನೋಡಿದ್ಯಾ?"

"ಮೂರು ನೋಡ್ದೆ. ಒಂದಕ್ಕೆ ನೆಲ ಕಲ್ಲು, ಮಕ್ಕಳ ಮೊಣಕಾಲು ಹೋಗುತ್ತೆ. ಇನ್ನೊಂದ್ರಲ್ಲಿ ನಡುಮಧ್ಯ ಕಂಬ. ಮೂರನೇದು ಪರ್ವಾಗಿಲ್ಲ, ಆದ್ರೆ ಪಕ್ಕದಲ್ಲೇ ಹಿಟ್ಟಿನ ಗಿರಣಿ." ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿದಳು. "ನಮ್ಮ ಮಹಡಿ ಖಾಲಿ ಇದ್ಯಲ್ಲ ಮಾವ. ಹತ್ತೊಂಬತ್ತು ಮಕ್ಕಳು. ಬರೋ ಸೋಮವಾರ ಶುರು ಮಾಡ್ಲಿಲ್ಲ ಅಂದ್ರೆ ಒಬ್ಬೊಬ್ರಾಗಿ ಬೇರೆ ಕಡೆ ಸೇರ್ಕೊಳ್ತಾರೆ. ಆಮೇಲೆ ನಾನು ಬಟ್ಟೆ ಅಂಗಡಿ ಕೌಂಟರ್ ಹಿಂದೆ ನಿಲ್ಲೋದೇ. ಅವ್ರು ಆಗ್ಲೇ ಎರಡು ಸಲ ಕೇಳಿದಾರೆ."

ಇಬ್ಬರು ಮಕ್ಕಳಿಂದ ಹತ್ತೊಂಬತ್ತರವರೆಗೆ ಬರಲು ಅವಳಿಗೆ ಆರು ವರ್ಷ ಹಿಡಿದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ರಸಮಟ್ಟ ಬಾಯಿ ತೆರೆಯುವ ಮೊದಲೇ ಅವಳು ಅತ್ತೆಯ ಹೊಲಿಗೆಯ ಡಬ್ಬಿಯಿಂದ ದಾರದ ರೀಲೊಂದನ್ನು ತೆಗೆದುಕೊಂಡು ಮಹಡಿಗೆ ನಡೆದಳು. ಅವನು ಹಿಂದೆಯೇ ಹೋದ. ಅವಳು ರೀಲನ್ನು ಬಾಗಿಲ ಬಳಿ ನೆಲಕ್ಕಿಟ್ಟು ಬೆರಳು ತೆಗೆದಳು. ಅದು ಒಂದು ಗಳಿಗೆ ಯೋಚಿಸಿ, ಆಮೇಲೆ ತವರಿಗೆ ಹೊರಟ ಮಗಳಂತೆ ಉತ್ಸಾಹದಿಂದ ಉರುಳುತ್ತ ಹೋಗಿ, ಕಿಟಕಿಗೆ ಕೊಂಚ ಈಚೆ, ಕೋಣೆಯ ನಡುವೆ ನಿಂತುಬಿಟ್ಟಿತು. ಗೋಡೆಯ ಕಡೆಯಿಂದ ಬಿಟ್ಟರೂ ಅಲ್ಲಿಗೇ ಬಂತು. ಕಿಟಕಿಯಿಂದ ಬಿಟ್ಟರೂ ಅಲ್ಲಿಗೇ.

"ಅತ್ತೆಗೆ ರೀಲು ಕಳೆದ್ರೆ ಹುಡುಕೋದೇ ಬೇಡ," ಎಂದಳು ಸೊಸೆ. ಕೊಂಕಿಲ್ಲ, ಇದ್ದದ್ದು ಹೇಳಿದಳು ಅಷ್ಟೆ.

ರಸಮಟ್ಟ ಬಗ್ಗಿ, ಕೆನ್ನೆಯನ್ನು ಹಲಗೆಗೆ ಆನಿಸಿ, ಒಂದು ಕಣ್ಣು ಮುಚ್ಚಿ ನೋಡಿದ. ಎಷ್ಟೋ ವರ್ಷಗಳ ಮೇಲೆ ತನ್ನ ನೆಲವನ್ನು ತಾನೇ ನೋಡುತ್ತಿದ್ದ. ನಡುವೆ ಒಂದು ಹಳ್ಳವಿತ್ತು, ಯಾರೋ ದಪ್ಪನೆಯ ಮನುಷ್ಯ ಮಲಗಿ ಎದ್ದ ಹಾಸಿಗೆಯ ಹಾಗೆ.

"ಬಚ್ಚಲ ಪೈಪು," ಎಂದ ಎದ್ದು, ಮೊಣಕಾಲು ಕೊಡವುತ್ತ. "ಆ ಕೊಳಾಯಿಯವನು ಹೋದ ವರ್ಷ ಮಾಡಿದ ಕೆಲ್ಸ. ಗೋಡೆಯೊಳಗೆ ನೀರು ಇಳಿದು ಆರನೇ ಜಂತೆ ತುದಿ ಮೆತ್ತಗಾಗಿದೆ. ಎರಡು ದಿನದ ಕೆಲಸ. ನೀನು ಮಕ್ಕಳಿಗೆ ಬರೋಕೆ ಹೇಳು."

ಅವಳು ಅವನ ಮುಖ ನೋಡಿದಳು. "ನಿಜ್ವಾಗ್ಲೂ ಹೇಳ್ಲಾ?"

"ರಸಮಟ್ಟ ಹೇಳಿದ ಮೇಲೆ ನಿಜ್ವಾಗ್ಲೂ ಏನು, ಸುಳ್ಳಾಗ್ಲೂ ಏನು! ಹೇಳು."

ಕೆಳಗೆ ಬಂದು ಮೇಸ್ತ್ರಿಗಳಿಗೆ ವಿಷಯ ತಿಳಿಸಿದಾಗ ಅವರು ತಲೆ ಎತ್ತಿ ಜಂತೆಗಳನ್ನು ನೋಡುತ್ತ, "ಒಂದೊಂದಾಗಿ ಎಣಿಸ್ಕೊಂಡು ಬಿಚ್ಚು," ಎಂದರು.

"ಆರನೇದೊಂದೇ ಮೇಸ್ತ್ರೀ, ಎಣಿಸೋಕೇನಿದೆ?"

"ಎಣಿಸೋದು ಮನಸ್ಸಿಗೆ ಒಳ್ಳೇದು," ಎಂದು ಕಣ್ಣು ಮುಚ್ಚಿದರು.

ಮಂಗಳವಾರ ಬೆಣೆ ಬಂದ. ಅವನೂ ಮೇಸ್ತ್ರಿಗಳ ಕೈಯಲ್ಲೇ ಪಳಗಿದವನು, ರಸಮಟ್ಟನ ಓರಗೆಯವನು. ಎಲ್ಲಿ ಸಂದು ಕಂಡರೂ ಮಾತು ತೂರಿಸುತ್ತಿದ್ದುದರಿಂದ ಆ ಹೆಸರು. ಬಂದವನು ಮೊದಲು ಮೇಸ್ತ್ರಿಗಳ ಕಾಲು ಮುಟ್ಟಿದ, ಆಮೇಲೆ ಚಹಾ ಕೇಳಿದ, ಆಮೇಲೆ ಹಳೆಯ ಗಾಯಕ್ಕೆ ಕೈ ಹಾಕಿದ.

"ಲೋ ರಸಮಟ್ಟ, ನಿನ್ನ ಅಳತೆಕೋಲು ಸಿಕ್ತೇನೋ?"

"ಮೇಸ್ತ್ರಿಗಳನ್ನೇ ಕೇಳು."

"ಎಲ್ಲೋ ಇದೆ," ಎಂದರು ಮೇಸ್ತ್ರಿಗಳು. "ಹುಡುಕ್ಬೇಕು."

ಇದು ನಲವತ್ತು ವರ್ಷದ ಮಾತು. ಮೇಸ್ತ್ರಿಗಳ ಬಳಿ ಕೆಲಸ ಕಲಿಯಲು ಬಂದವನು ಮೊದಲು ತನ್ನ ಕೈಯಾರೆ ಒಂದು ಅಳತೆಕೋಲು ಮಾಡಬೇಕು. ಅದನ್ನು ಬಳಸಿ ವರ್ಷಗಟ್ಟಲೆ ಕಲಿತು, ಒಂದು ದಿನ ಯಾರ ನೆರವೂ ಇಲ್ಲದೆ ಒಂದು ಮಹಡಿಯ ನೆಲ ಕೂಡಿಸಬೇಕು. ಕೂಡಿಸಿದ ದಿನ ಕೋಲನ್ನು ಮೇಸ್ತ್ರಿಗಳ ಕೈಗೆ ಕೊಡಬೇಕು. ಆ ನೆಲ ಎರಡು ಬೇಸಿಗೆ ದಾಟಿದ ಮೇಲೆ ಮೇಸ್ತ್ರಿಗಳು ಬಂದು, ನಡುವೆ ಒಂದು ತಗಡಿನ ತಟ್ಟೆ ಇಟ್ಟು, ಅದರೊಳಗಿನ ಗೆರೆಯವರೆಗೆ ನೀರು ಹೊಯ್ಯುತ್ತಿದ್ದರು. ನೀರು ನಾಲ್ಕೂ ಕಡೆ ಗೆರೆಗೆ ಸಮ ನಿಲ್ಲಬೇಕು. ಶಿಷ್ಯ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ನಡೆದರೆ ಒಂದು ಹನಿ ಹೊರಗೆ ಬೀಳಬಾರದು. ಗೆದ್ದರೆ ಕೋಲು ವಾಪಸ್ಸು. ಆಗ ಅವನೂ ಮೇಸ್ತ್ರಿ. ಬೆಣೆಯ ಕೋಲು ಅವನ ಮನೆಯ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ಕೂತಿತ್ತು.

ರಸಮಟ್ಟ ಒಬ್ಬನೇ ಕೂಡಿಸಿದ ಮೊದಲ ನೆಲ ಈ ಮನೆಯದೇ. ಅವನಿಗೆ ಕೋಲು ಮರಳಿ ಬಂದಿರಲಿಲ್ಲ. ಪರೀಕ್ಷೆಯ ದಿನ ಮೇಸ್ತ್ರಿಗಳು ತಟ್ಟೆ ಇಟ್ಟು, ನೀರು ಹೊಯ್ದು, ಬಹಳ ಹೊತ್ತು ನೋಡಿ, "ತಟ್ಟೆ ತಳ ಸೊಟ್ಟ ಆಗಿದೆ ಕಣೋ. ಇನ್ನೊಂದಿನ ನೋಡೋಣ" ಎಂದು ಎದ್ದುಹೋಗಿದ್ದರು. ಆ ಇನ್ನೊಂದು ದಿನ ಬರಲಿಲ್ಲ. ಅಷ್ಟರಲ್ಲಿ ರಸಮಟ್ಟ ಮನೆಯ ಅಳಿಯನೂ ಆಗಿದ್ದ, ಮಗುವಿನ ತಂದೆಯೂ ಆಗಿದ್ದ. ಒಂದು ಕೋಲಿಗಾಗಿ ಮಾವನ ಜೊತೆ ಜಗಳವಾಡುವುದುಂಟೆ? ವಯಸ್ಸಾದವರು, ಎಲ್ಲೋ ಇಟ್ಟು ಮರೆತಿದ್ದಾರೆ ಎಂದುಕೊಂಡ. ಆಗ ಅವರಿಗೆ ಐವತ್ತೆರಡು.

ಇಬ್ಬರೂ ಸೇರಿ ಗೋಡೆಯ ಬದಿಯ ನಾಲ್ಕು ಹಲಗೆ ಎಬ್ಬಿಸಿದರು. ಆರನೆಯ ಜಂತೆಯ ತುದಿ ನಿಜವಾಗಿಯೂ ಮೆತ್ತಗಾಗಿತ್ತು. ಉಳಿಯ ಮೊನೆ ನೆನೆದ ರೊಟ್ಟಿಯೊಳಗೆ ಹೋದಂತೆ ಒಳಗೆ ಹೋಯಿತು.

"ನೋಡ್ದಾ!" ಎಂದ ರಸಮಟ್ಟ, ನಿಧಿ ಸಿಕ್ಕವನಂತೆ. "ನಾನೇನ್ ಹೇಳ್ದೆ? ಕೊಳಾಯಿಯವನು!"

ಕೆಳಗಿನಿಂದ ಕಂಬ ನಿಲ್ಲಿಸಿ, ಅದರ ತಳಕ್ಕೆ ಜಾಕಿ ಕೊಟ್ಟು, ಜಂತೆಯ ಭಾರವನ್ನು ಅದಕ್ಕೆ ವಹಿಸಿದರು. ಕೊಳೆತ ಮೊಳದುದ್ದವನ್ನು ಗರಗಸದಿಂದ ಕತ್ತರಿಸಿ ತೆಗೆದು, ಒಣಗಿದ ಹೊಸ ಮರದ ತುಂಡೊಂದನ್ನು ಪಕ್ಕಕ್ಕೆ ಜೋಡಿಸಿ, ನಾಲ್ಕು ಬೋಲ್ಟು ಬಿಗಿದರು. ಬುಧವಾರ ಸಂಜೆಗೆ ಹಲಗೆಗಳು ಮತ್ತೆ ತಮ್ಮ ಜಾಗದಲ್ಲಿ ಮಲಗಿದವು. ರಸಮಟ್ಟ ಸಿಳ್ಳೆ ಹಾಕುತ್ತ ಕೈ ತೊಳೆದ.

ಗುರುವಾರ ಬೆಳಿಗ್ಗೆ ಸೊಸೆ ರೀಲು ಹಿಡಿದು ಮಹಡಿಗೆ ಹೋದಳು. ಅವನು ಬಾಗಿಲಲ್ಲಿ ಎದೆ ಉಬ್ಬಿಸಿ ನಿಂತ. ರೀಲು ಹೊರಟಿತು. ಯೋಚನೆ ಕೂಡ ಮಾಡಲಿಲ್ಲ. ನೇರವಾಗಿ ಹೋಗಿ, ಕಿಟಕಿಗೆ ಕೊಂಚ ಈಚೆ, ಕೋಣೆಯ ನಡುವೆ, ತನ್ನ ಹಳೆಯ ಜಾಗದಲ್ಲಿ ಕೂತಿತು.

ಸೊಸೆ ಬಗ್ಗಿದಳು. ರೀಲನ್ನು ಎತ್ತಿಕೊಂಡು, ದಾರದ ತುದಿಯನ್ನು ಸುತ್ತಿ, ಸೆರಗಿನಿಂದ ಒರೆಸಿದಳು.

"ಪರ್ವಾಗಿಲ್ಲ ಮಾವ," ಎಂದಳು ಮೆಲ್ಲಗೆ. "ನೀವು ಎರಡು ದಿನ ಬೆವರು ಹರ್ಸಿದೀರಿ. ಬಟ್ಟೆ ಅಂಗಡಿಯೋರಿಗೆ ಶನಿವಾರ ಉತ್ತರ ಹೇಳ್ತೀನಿ ಅಂದಿದೀನಿ. ಮಕ್ಕಳಿಗೆ ನಾನೇ ತಿಳಿಸ್ತೀನಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮೆಲುದನಿ ಅವನ ಎದೆಗೆ ನೇರ ನಾಟಿತು. ಅವಳು ಕೆಳಗಿಳಿದು ಹೋದ ಮೇಲೆ ಖಾಲಿ ಕೋಣೆಯ ನಡುವೆ, ಆ ಹಳ್ಳದಲ್ಲೇ ಕೂತ. ನೃತ್ಯ ಎಂಬುದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ಕಾಲು ತಾನಾಗಿ ಲೆಕ್ಕ ಹಾಕುವುದನ್ನು ನೋಡಿದ್ದ. ತನ್ನ ಕೈ ಮರ ಸಿಕ್ಕಲ್ಲೆಲ್ಲ ಅದರ ಮೈ ಸವರುವಂತೆಯೇ ಅದು. ಅಂಥ ಕಾಲನ್ನು ಕೌಂಟರಿನ ಹಿಂದೆ ನಿಲ್ಲಿಸುವುದು ದೇವರು ಮೆಚ್ಚುವ ಕೆಲಸವಲ್ಲ ಎನಿಸಿತು. ಎದ್ದು ಮೊಳೆಕೀಳುವ ಕಬ್ಬಿಣ ಕೈಗೆ ತೆಗೆದುಕೊಂಡ.

"ಬೆಣೇ!" ಎಂದು ಕಿಟಕಿಯಿಂದ ಬೀದಿಯ ಆಚೆಗೆ ಕೂಗಿದ. "ಬಾರೋ! ಎಲ್ಲಾ ಬಿಚ್ಚೋಣ!"

ಮಧ್ಯಾಹ್ನದ ಹೊತ್ತಿಗೆ ಕೋಣೆಯ ಹಲಗೆಗಳೆಲ್ಲ ಗೋಡೆಗೆ ಒರಗಿದ್ದವು. ಏಳು ಜಂತೆಗಳು ಮೈ ತೆರೆದು ಮಲಗಿದ್ದವು. ಅವುಗಳ ನಡುವಿನ ಸಂದುಗಳಿಂದ ಕೆಳಗೆ ಮೇಸ್ತ್ರಿಗಳ ಬೋಳುತಲೆ ಕಾಣುತ್ತಿತ್ತು. ನಲವತ್ತು ವರ್ಷದ ಧೂಳನ್ನು ಬೆಣೆ ಪೊರಕೆಯಿಂದ ಸರಿಸಿದ. ಧೂಳಿನಡಿ ಜಂತೆಗಳ ಮೇಲ್ಮೈಯಲ್ಲಿ ಉದ್ದಕ್ಕೂ ಕೆಮ್ಮಣ್ಣಿನ ಗೆರೆಗಳು, ನಿನ್ನೆ ಎಳೆದಂತೆ.

"ಅಬ್ಬಾ, ಮೇಸ್ತ್ರಿಗಳ ಗೆರೆ!" ಎಂದ ಬೆಣೆ, ಕಣ್ಣಿಗೆ ಒತ್ತಿಕೊಳ್ಳುವವನಂತೆ ಬಗ್ಗಿ.

ಆ ಗೆರೆ ಮೇಸ್ತ್ರಿಗಳ ಕ್ರಮ. ದೇವರು ಮರವನ್ನು ನೆಟ್ಟಗೆ ಬೆಳೆಸಲಿಲ್ಲ, ಬಿಸಿಲಿನ ಕಡೆಗೆ ಬೆಳೆಸಿದ ಎಂದು ಅವರು ಹೇಳುತ್ತಿದ್ದರು. ಎಷ್ಟು ಕೊಯ್ದು ಕೆತ್ತಿದರೂ ಅದಕ್ಕೊಂದು ಬಾಗು ಉಳಿದೇ ಇರುತ್ತದೆ. ಉಬ್ಬಿದ ಕಡೆ ಬೆನ್ನು, ತಗ್ಗಿದ ಕಡೆ ಹೊಟ್ಟೆ. ಜಂತೆ ಕೂಡಿಸುವಾಗ ಬೆನ್ನು ಮೇಲಿರಬೇಕು. ಆಗ ಹೊರೆ ಬಿದ್ದಂತೆಲ್ಲ ಅದು ಸಮವಾಗುತ್ತ ಬರುತ್ತದೆ. ಬೆನ್ನು ಕೆಳಗಾಯಿತೋ, ವರ್ಷವರ್ಷಕ್ಕೂ ಜೋಲುತ್ತದೆ. ಆದ್ದರಿಂದ ಮೇಸ್ತ್ರಿಗಳು ಪ್ರತಿ ಮರವನ್ನೂ ಕಣ್ಣಿಗೆ ಹಿಡಿದು, ಬೆನ್ನು ಯಾವುದೆಂದು ಕಂಡು, ಅದರ ಮೇಲೆ ಕೆಮ್ಮಣ್ಣಿನ ಗೆರೆ ಎಳೆದುಕೊಡುತ್ತಿದ್ದರು. ಗೆರೆ ಮೇಲಿಟ್ಟು ಕೂಡಿಸುವುದಷ್ಟೇ ಶಿಷ್ಯನ ಕೆಲಸ.

"ಎಣಿಸು," ಎಂದ ರಸಮಟ್ಟ. ಅವನ ದನಿ ಅವನಿಗೇ ದೂರದಿಂದ ಕೇಳಿಸಿತು.

"ಒಂದು, ಗೆರೆ. ಎರಡು, ಗೆರೆ. ಮೂರು. ನಾಲ್ಕು. ಐ..." ಬೆಣೆಯ ಪೊರಕೆ ನಿಂತಿತು. ಇನ್ನೊಮ್ಮೆ ಗುಡಿಸಿದ. ಎಂಜಲು ಹಚ್ಚಿ ಬೆರಳಿನಿಂದ ಉಜ್ಜಿದ. ಐದನೆಯ ಜಂತೆಯ ಮೇಲ್ಮೈ ಬರಿದಾಗಿತ್ತು. "ಆರು, ಗೆರೆ. ಏಳು, ಗೆರೆ," ಎಂದು ಬೇಗಬೇಗನೆ ಮುಗಿಸಿ, ಬದುಕಿನಲ್ಲಿ ಮೊದಲ ಸಲ ಬೆಣೆ ಬಾಯಿ ಮುಚ್ಚಿಕೊಂಡ.

ರಸಮಟ್ಟ ಮೆಟ್ಟಿಲಿಳಿದು ಕೆಳಗೆ ಬಂದ. ನಡುಮನೆಗೆ ಏಣಿ ತಂದು ನಿಲ್ಲಿಸಿ ಹತ್ತಿದ. ಐದನೆಯ ಜಂತೆಯ ತಳಕ್ಕೆ ಕೆರೆಯುವ ತಗಡು ಹಚ್ಚಿದ. ಹಸಿರು ಬಣ್ಣ ಎದ್ದಿತು, ಅದರಡಿ ನೀಲಿ, ಅದರಡಿ ಕಂದು, ಮತ್ತೆ ಹಸಿರು. ಈರುಳ್ಳಿಯ ಸಿಪ್ಪೆಯಂತೆ ಪದರದಡಿ ಪದರ. ಉಳಿದ ಜಂತೆಗಳಿಗೆ ವರ್ಷಕ್ಕೆ ಒಂದು ಕೈ ಬಣ್ಣವಾದರೆ ಇದಕ್ಕೆ ಎರಡೆರಡು. ಕೊನೆಗೆ ಮರ ಕಂಡಿತು. ಮರದ ಮೇಲೆ, ಹಣೆಯ ಮೇಲಿನ ಗಾಯದ ಕಲೆಯಂತೆ, ಕೆಂಪು ಗೆರೆ.

ಚೂರುಗಳು ಕೆಳಗೆ ಮೇಸ್ತ್ರಿಗಳ ಭುಜದ ಮೇಲೆ ಉದುರುತ್ತಿದ್ದವು. ಅವರು ಕೊಡವಿಕೊಳ್ಳಲಿಲ್ಲ.

"ಸಿಕ್ತಾ?" ಎಂದರು.

ರಸಮಟ್ಟ ಏಣಿಯ ಮೇಲೇ ಕೂತುಬಿಟ್ಟ. "ಮೇಸ್ತ್ರೀ... ನಿಮಗೆ ಗೊತ್ತಿತ್ತು."

"ತಟ್ಟೆ ಇಟ್ಟ ದಿನವೇ."

"ತಟ್ಟೆ ತಳ ಸೊಟ್ಟ ಅಂದ್ರಿ!"

"ನಿನ್ನ ಮುಖ ನೋಡಿ ತಟ್ಟೆ ಮೇಲೆ ಹಾಕ್ದೆ. ತಟ್ಟೆ ಬೇಜಾರು ಮಾಡ್ಕೊಳ್ಳಲ್ಲ." ಮೇಸ್ತ್ರಿಗಳ ಕಣ್ಣು ನಗುತ್ತಿತ್ತು. "ಆವತ್ತಿಗೆ ನಿನ್ನ ಮಗ ಹುಟ್ಟಿ ಮೂರು ದಿನ. ಅದೇ ಮಹಡಿ ಕೋಣೆಯಲ್ಲಿ ತಾಯಿ ಮಗು ಮಲಗಿದ್ರು. ಹೇಳಿದ್ರೆ ನೀನು ಆಗಿಂದಾಗ್ಲೇ ಕಿತ್ತು ಹಾಕೋನು, ನನಗೆ ಗೊತ್ತಿಲ್ವ ನಿನ್ನ ಹಟ? ಮಗು ತಲೆ ಮೇಲೆ ಸುತ್ತಿಗೆ ಬಡೀಬಾರ್ದು ಅಂತ, ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬಂದಾಗ ಮಗು ಅಂಬೆಗಾಲಿಡ್ತಿತ್ತು. ಆಮೇಲೆ ನಿನಗೆ ರಸಮಟ್ಟ ಅಂತ ಹೆಸರು ಬಂತು. ಊರೆಲ್ಲ ಹೊಗಳ್ತಿದ್ರೆ, ನಮ್ಮನೆ ಸೂರಿನ ಕಡೆ ಬೆರಳು ತೋರ್ಸೋಕೆ ನನಗೆ ಕೈ ಬರ್ಲಿಲ್ಲ ಕಣೋ. ವರ್ಷಕ್ಕೊಂದು ಸಲ ಏಣಿ ಹತ್ತಿ ಎಷ್ಟು ಜೋಲಿದೆ ಅಂತ ಹೆಬ್ಬೆರಳಲ್ಲಿ ಅಳೀತಿದ್ದೆ, ಗೆರೆ ಮೇಲೆ ಬಣ್ಣ ಹಚ್ಚಿ ಇಳೀತಿದ್ದೆ. ಮರ ಗಟ್ಟಿ. ಮನೆಮಂದಿ ಓಡಾಟಕ್ಕೆ ಏನೂ ಆಗ್ತಿರ್ಲಿಲ್ಲ. ಅಪಾಯ ಅನ್ನಿಸಿದ ದಿನ ಹೇಳೇ ಹೇಳ್ತಿದ್ದೆ."

"ಏಣಿ ಹತ್ತೋಕೆ ಆಗ್ದೇ ಇದ್ದ ಮೇಲೆ?"

"ಕುರ್ಚಿ ಇಲ್ಲಿ ಹಾಕಿಸ್ಕೊಂಡೆ." ಅವರು ತಮ್ಮ ಬೋಳುತಲೆಯನ್ನು ತಟ್ಟಿಕೊಂಡರು. "ಬಿದ್ರೆ ಮೊದ್ಲು ಬುರುಡೆಗೆ ಗೊತ್ತಾಗ್ಲಿ ಅಂತ."

ರಸಮಟ್ಟನ ಮುಖ ಕೆಂಪಾಗಿತ್ತು, ಗೆರೆಗಿಂತ ಕೆಂಪು. ನಲವತ್ತು ವರ್ಷ ಮಂಚವನ್ನು ಬೈದಿದ್ದ, ಬೀರುವನ್ನು ಬೈದಿದ್ದ, ಬಡಪಾಯಿ ಕೊಳಾಯಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದ. "ಗೆರೆ ಕಣ್ಣಿಗೆ ಹೊಡೆಯೋ ಹಾಗಿತ್ತು ಮೇಸ್ತ್ರೀ," ಎಂದ. "ಹೇಗೆ ತಪ್ಪಿದೆ ನಾನು? ಕುರುಡನೂ ತಪ್ಪಲ್ಲ."

ಅಷ್ಟರಲ್ಲಿ ಹೆಂಡತಿ ನೀರಿನ ಚೊಂಬು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಅವಳು ಜಂತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಬೆರಳು ಮಡಿಸಿ ಏನನ್ನೋ ಎಣಿಸಿದಳು, ಆಮೇಲೆ ಚೊಂಬನ್ನು ನೆಲಕ್ಕಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ ದೇವ್ರೇ! ಈ ಜಂತೆ ಏರಿಸೋ ದಿನ ನಾನು ಬಂದು 'ಯಾರಿಗಾದ್ರೂ ನೀರು ಬೇಕಾ' ಅಂತ ಕೇಳಿದ್ನಲ್ರೀ? ನೀವು ಹೆಗಲ ಮೇಲೆ ಮರ ಹೊತ್ಕೊಂಡೇ ನಿಂತು ಕುಡಿದ್ರಿ."

"ಹೌದು, ಕುಡಿದೆ. ಅದಕ್ಕೇನೀಗ?"

"ಒಂದು ಚೊಂಬು ಕುಡಿದು, ಇನ್ನೊಂದು ಕೊಡಿ ಅಂದ್ರಿ. ನಾನು ಆ ಕಡೆಯಿಂದ ಬಂದೆ ಅಂತ ಮರಾನ ಈ ಹೆಗಲಿಂದ ಆ ಹೆಗಲಿಗೆ ಹೊರಳ್ಸಿದ್ರಿ. ಹೊರಳಿದ ಮರ ಹಾಗೇ ಮೇಲಕ್ಕೆ ಹೋಯ್ತು! ನಿಮಗೆ ಬಾಯಾರಿಕೆ ಇರ್ಲಿಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು."

ಮೊದಲು ನಕ್ಕವರು ಮೇಸ್ತ್ರಿಗಳು. ಕುರ್ಚಿಯ ಬೆತ್ತವೆಲ್ಲ ಕಿರಗುಟ್ಟುವಂತೆ ನಕ್ಕರು. ಮೇಲಿನ ಸಂದಿನಿಂದ ಬೆಣೆಯ ತಲೆ ಇಣುಕಿತು. "ಆವತ್ತು ನೋಡೋಕೆ ಬಂದಿದ್ದ ನಾನೂ ನೀರು ಕೇಳಿದ್ದೆ ಕಣಮ್ಮಾ! ಒಂದು ಹನಿ ಕೊಡ್ಲಿಲ್ಲ ನೀನು. ಅದಕ್ಕೇ ನೋಡು, ನಾನು ಕೂಡಿಸಿದ ನೆಲ ಇವತ್ತಿಗೂ ನೆಟ್ಟಗಿದೆ!" ಸೊಸೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏಣಿಯ ಮೇಲಿದ್ದ ರಸಮಟ್ಟ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗು ಅವನ ಹೊಟ್ಟೆಯಿಂದ ಎದ್ದು ಏಣಿಯನ್ನೇ ಅಲುಗಿಸಿತು. ಎದೆಯ ಮೇಲಿಂದ ಏನೋ ಭಾರ ಇಳಿದುಹೋದಂತಾಯಿತು. ಅದು ಅಲ್ಲಿತ್ತೆಂದೇ ಅಲ್ಲಿಯವರೆಗೆ ಅವನಿಗೆ ಗೊತ್ತಿರಲಿಲ್ಲ.

"ಮೇಸ್ತ್ರೀ," ಎಂದ ಕಣ್ಣೊರೆಸಿಕೊಳ್ಳುತ್ತ, "ಹೊಸ ಮರ ತರ್ಲಾ?"

"ಯಾಕೆ? ಮರ ಏನು ತಪ್ಪು ಮಾಡ್ತು? ಮಗ್ಗುಲು ಬದಲಿಸಿ ಮಲಗಿಸು. ನಲವತ್ತು ವರ್ಷ ಬೆನ್ನು ಕೆಳಗೆ ಮಾಡಿ ಹೊತ್ತಿದೆ ಪಾಪ. ಜೊತೆಗೊಂದು ಹೊಸದು ಕೊಡು, ಆನಿಕೊಳ್ಳೋಕೆ."

ಶುಕ್ರವಾರ ಬೆಳಕು ಹರಿಯುವ ಮೊದಲೇ ಕೆಲಸ ಶುರುವಾಯಿತು. ಮೇಸ್ತ್ರಿಗಳ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಸರಿಸಿದರು. ಈ ಸಲ ಅವರು ಬೇಡವೆನ್ನಲಿಲ್ಲ. ನಾಲ್ಕನೆಯ, ಆರನೆಯ ಜಂತೆಗಳ ಕೆಳಗೆ ಅಡ್ಡತೊಲೆ ಕೊಟ್ಟು, ಎರಡು ಕಂಬ, ಎರಡು ಜಾಕಿ. ಎಳೆತದಲ್ಲಿ ತಾವೂ ಬಗ್ಗಿದ್ದ ಆ ಎರಡನ್ನು ಮೇಲೆತ್ತಬೇಕು, ಆದರೆ ಅವಸರ ಮಾಡಿದರೆ ಮರ ಸೀಳುತ್ತದೆ. ಜಾಕಿಯ ಹಿಡಿ ಕಾಲು ಸುತ್ತು, ಆಮೇಲೆ ಒಂದು ಲೋಟ ಚಹಾ. ಮತ್ತೆ ಕಾಲು ಸುತ್ತು, ಮತ್ತೆ ಚಹಾ. "ನೆಲ ಎದ್ದೇಳೋ ಹೊತ್ತಿಗೆ ನಾವು ಮಲಗ್ತೀವಿ," ಎಂದ ಬೆಣೆ, ಹನ್ನೊಂದನೆಯ ಲೋಟಕ್ಕೆ. ಮರ ನಡುನಡುವೆ ಕುಂಯ್ ಎನ್ನುತ್ತಿತ್ತು. ಆಗ ಎಲ್ಲರೂ ಉಸಿರು ಹಿಡಿದು ಮೇಸ್ತ್ರಿಗಳತ್ತ ನೋಡುತ್ತಿದ್ದರು. ಅವರು ಕಣ್ಣು ಮುಚ್ಚಿ ಕಿವಿಗೊಟ್ಟು, "ನೋವಿನ ದನಿ ಅಲ್ಲ, ಆಕಳಿಕೆ. ನಡೀಲಿ," ಎನ್ನುತ್ತಿದ್ದರು.

ಶನಿವಾರ ಗೋಡೆಯ ಗೂಡುಗಳ ಗಾರೆ ಒಡೆದು ಐದನೆಯ ಜಂತೆಯ ಎರಡೂ ತುದಿ ಸಡಿಲಿಸಿದರು. ರೈಲಿನಿಂದ ಇಳಿದು ಬಂದ ಮಗ ಒಂದು ತುದಿಗೆ, ಬೆಣೆ ನಡುವಿಗೆ, ರಸಮಟ್ಟ ಇನ್ನೊಂದು ತುದಿಗೆ. ಸೊಸೆ ಎಣಿಸಿದಳು, ನೃತ್ಯದ ಮಕ್ಕಳಿಗೆ ತಾಳ ಹೇಳುವ ದನಿಯಲ್ಲಿ: ಒಂದು, ಎರಡು, ಮೂರು, ಹೊರಳು! ಜಂತೆ ನಿದ್ದೆಗಣ್ಣಿನಲ್ಲಿ ಮಗ್ಗುಲಾದ ದೊಡ್ಡ ಪ್ರಾಣಿಯಂತೆ ಹೊರಳಿತು. ಕೆಂಪು ಗೆರೆ ಮೇಲೆ ಬಂದು ಬೆಳಕು ನೋಡಿತು. ಹೆಂಡತಿ ಕೆಳಗಿನಿಂದಲೇ, "ಯಾರಿಗಾದ್ರೂ ನೀರು ಬೇಕಾ?" ಎಂದು ಕೂಗಿದಳು.

"ಬೇಡ!" ಎಂದರು ಮೂವರು ಗಂಡಸರೂ ಒಟ್ಟಿಗೆ.

ಪಕ್ಕಕ್ಕೆ ಹೊಸ ಜಂತೆ ಬಂತು, ಬೋಲ್ಟು ಬಿಗಿಯಾಯಿತು. ಗೋಡೆಯಿಂದ ಗೋಡೆಗೆ ದಾರ ಎಳೆದು, ಉಬ್ಬಿದ ಕಡೆ ರಸಮಟ್ಟ ತೆಳ್ಳಗೆ ಕೀಸಿದ. ಕೊನೆಯ ಒಂದು ಕೂದಲೆಳೆಯಷ್ಟನ್ನು ಹಾಗೇ ಬಿಟ್ಟ. ಅದನ್ನು ಮಕ್ಕಳ ಹೆಜ್ಜೆ ಸರಿಮಾಡಲಿ ಎಂದು. ಭಾನುವಾರ ಹಲಗೆಗಳು ಕೂತವು. ಬಟ್ಟೆ ಅಂಗಡಿಯವರಿಗೆ ಸೊಸೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು, ನೆಲ ಮುಗಿಯುವ ಮೊದಲೇ. ಸಂಜೆ ರಸಮಟ್ಟ ಎದುರುಬೀದಿಗೆ ಹೋಗಿ ಕೊಳಾಯಿಯವನ ಬಾಗಿಲು ತಟ್ಟಿ, ಬೈದ ಮಾತುಗಳಲ್ಲಿ ಮುಕ್ಕಾಲು ಪಾಲನ್ನು ಹಿಂದಕ್ಕೆ ತೆಗೆದುಕೊಂಡು ಬಂದ. ಪೈಪು ಸೋರಿದ್ದೂ ನಿಜವಾದ್ದರಿಂದ ಕಾಲುಪಾಲು ಹಾಗೇ ಇರಲಿ ಎಂದು ಇಬ್ಬರೂ ಒಪ್ಪಿದರು.

ಸೋಮವಾರ ಮಂಜಿರಲಿಲ್ಲ. ಬಿಸಿಲು ಬೆಳಿಗ್ಗೆಯೇ ಮಹಡಿಯ ಕಿಟಕಿಯಲ್ಲಿ ಕಾಲು ಚಾಚಿ ಕೂತಿತ್ತು. ರಸಮಟ್ಟ, ಬೆಣೆ ಇಬ್ಬರೂ ಮೇಸ್ತ್ರಿಗಳನ್ನು ಕುರ್ಚಿ ಸಮೇತ ಎತ್ತಿದರು.

"ಸಮ ಹಿಡೀರೋ, ನಾನು ವಾಲ್ತಿದೀನಿ," ಎಂದರು ಅವರು, ಶಾಲನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡು. "ರಸಮಟ್ಟ ಅಂತೆ, ರಸಮಟ್ಟ!"

ಆರು ವರ್ಷಗಳ ಮೇಲೆ ಮಹಡಿ ಕಂಡ ಅವರು ಸುತ್ತ ಒಮ್ಮೆ ನೋಡಿ, "ತಟ್ಟೆ," ಎಂದರು. ಮಗಳು ತಂದಿಟ್ಟಳು, ಅದೇ ಹಳೆಯ ತಗಡಿನ ತಟ್ಟೆ. ಕೋಣೆಯ ನಡುವೆ, ರೀಲಿನ ಹಳೆಯ ಜಾಗದಲ್ಲಿ ಇಟ್ಟು, ಗೆರೆಯವರೆಗೆ ನೀರು ಹೊಯ್ದಳು. ನೀರು ಒಮ್ಮೆ ನಡುಗಿ ನಿಂತಿತು. ನಾಲ್ಕೂ ಕಡೆ ಗೆರೆಗೆ ಸಮ. ನಲವತ್ತು ವರ್ಷ ಸುಳ್ಳು ಅಪವಾದ ಹೊತ್ತಿದ್ದ ತಟ್ಟೆಯ ತಳ ನೆಟ್ಟಗೇ ಇತ್ತು.

"ನಾನು ನಡೀಲಾ ಮೇಸ್ತ್ರೀ?" ಎಂದ ರಸಮಟ್ಟ. ಅರವತ್ತೆರಡು ವರ್ಷದವನು ಇಪ್ಪತ್ತೆರಡರ ಶಿಷ್ಯನಂತೆ ಗೋಡೆಗೆ ಹಿಮ್ಮಡಿ ಹಚ್ಚಿ ನಿಂತಿದ್ದ.

"ನೀನ್ಯಾಕೆ? ಅವ್ರು ಬರ್ತಿದಾರಲ್ಲ," ಎಂದರು ಮೇಸ್ತ್ರಿಗಳು.

ಮೆಟ್ಟಿಲ ಮೇಲೆ ಗುಡುಗಿನಂತೆ ಹತ್ತೊಂಬತ್ತು ಜೊತೆ ಕಾಲುಗಳು ಬಂದವು. ಸೊಸೆ ಅವರನ್ನು ತಟ್ಟೆಯ ಸುತ್ತ ದೊಡ್ಡ ವೃತ್ತವಾಗಿ ನಿಲ್ಲಿಸಿದಳು. ಯಾರೂ ತುಳಿಯಬೇಡಿ, ಅದು ತಾತನ ಕನ್ನಡಿ ಎಂದಳು. ಕೈ ತಟ್ಟಿದಳು. ಮಕ್ಕಳು ಕುಣಿದರು. ಒಬ್ಬಳು ಎಡಕ್ಕೆ ತಿರುಗಬೇಕಾದಾಗ ಬಲಕ್ಕೆ ತಿರುಗಿ ಪಕ್ಕದವಳಿಗೆ ಡಿಕ್ಕಿ ಹೊಡೆದಳು, ಇಬ್ಬರೂ ನಕ್ಕು ಮತ್ತೆ ಸಾಲಿಗೆ ಸೇರಿದರು. ಏಳು ಜಂತೆಗಳು ಅಡಿಯಲ್ಲಿ ಒಂದೇ ಉಸಿರಾಗಿ ಹೊತ್ತವು. ತಟ್ಟೆಯ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದು, ಅಂಚಿನವರೆಗೆ ಹೋಗಿ, ಮರಳಿ ನಡುವಿಗೆ ಬಂದವು. ಕಿಟಕಿಯ ಬಿಸಿಲು ಆ ನೀರಿನಿಂದ ಪುಟಿದು ಸೂರಿನ ಮೇಲೆ ತಾನೂ ಕುಣಿಯಿತು. ರಸಮಟ್ಟ ಅಂಚನ್ನೇ ನೋಡುತ್ತಿದ್ದ. ಹೊರಗಿನ ಹಲಗೆ ಒಣಗಿತ್ತು.

ಭುಜಕ್ಕೆ ಏನೋ ತಾಗಿದಂತಾಗಿ ತಿರುಗಿದ.

ಮೇಸ್ತ್ರಿಗಳು ಅವನ ಕಡೆ ನೋಡುತ್ತಿರಲಿಲ್ಲ, ಮಕ್ಕಳನ್ನೇ ನೋಡುತ್ತಿದ್ದರು. ಶಾಲಿನ ಒಳಗಿಂದ ಅವರ ಕೈ ಮಾತ್ರ ಹೊರಗೆ ಚಾಚಿತ್ತು. ಕೈಯಲ್ಲಿ ಒಂದು ಅಳತೆಕೋಲು. ಏಳನೆಯ ಗುರುತಿನ ಬಳಿ ತನ್ನದೇ ಎಳೆಯ ಕೈಯ ಉಳಿ ಜಾರಿದ ಗಾಯ ಹಾಗೇ ಇತ್ತು. ವರ್ಷವರ್ಷವೂ ಎಣ್ಣೆ ಉಂಡು ಮರ ಜೇನಿನ ಬಣ್ಣಕ್ಕೆ ಬಂದಿತ್ತು. ಒಂದು ಕೂದಲೆಳೆಯೂ ಬಾಗಿರಲಿಲ್ಲ. ರಸಮಟ್ಟ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ.